ಕೇರಳದಲ್ಲಿ ವಿದ್ಯುತ್ ಮಿತವ್ಯಯ ಮತ್ತು ಸೌರಶಕ್ತಿ: ಇತಿಹಾಸ

ಕೇರಳದಲ್ಲಿ ಕಲ್ಲಿದ್ದಲ ಗಣಿಗಳಿಲ್ಲ. ಅದರ ವಿದ್ಯುತ್ ವ್ಯವಸ್ಥೆ ಬಹುಕಾಲ ಮಳೆಯನ್ನೇ ನಂಬಿತ್ತು. ಮುನ್ನಾರ್ ಬಳಿಯ ಪಳ್ಳಿವಾಸಲ್ ಜಲವಿದ್ಯುತ್ ಕೇಂದ್ರ 1940ರಲ್ಲಿ, ಮುಂದೆ 780 ಮೆಗಾವಾಟ್‌ಗೆ ಬೆಳೆದ ಇಡುಕ್ಕಿ ಕೇಂದ್ರ 1976ರಲ್ಲಿ ಆರಂಭವಾದವು. ಬೇಡಿಕೆ ಹೆಚ್ಚಿದರೆ ಇನ್ನೊಂದು ಅಣೆಕಟ್ಟು ಎಂಬ ಈ ಕ್ರಮವನ್ನು ಸೈಲೆಂಟ್ ವ್ಯಾಲಿ ಕಾಡಿನ ಜಲವಿದ್ಯುತ್ ಯೋಜನೆಯ ವಿರುದ್ಧ ಎದ್ದ ಚಳವಳಿ ಪ್ರಶ್ನಿಸಿತು. ಜನವಿಜ್ಞಾನ ಸಂಘಟನೆಯಾದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಕಾಡಿನ ಜೊತೆಗೆ ವಿದ್ಯುತ್ತಿನ ಲೆಕ್ಕವನ್ನೂ ಜನರ ಮುಂದಿಟ್ಟಿತು. 1983ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಪರ್ಯಾಯ ಹುಡುಕುವ ಕೆಲಸಕ್ಕೆ ತಿರುವನಂತಪುರ ನೆಲೆಯಾಯಿತು: 1986ರಲ್ಲಿ ನವೀಕರಿಸಬಹುದಾದ ಇಂಧನದ ಸಂಸ್ಥೆ ಅನೆರ್ಟ್, 1996ರಲ್ಲಿ ಇಂಧನ ಮಿತವ್ಯಯಕ್ಕಾಗಿ ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್ ಅಲ್ಲಿ ಸ್ಥಾಪನೆಗೊಂಡವು. ಅದಕ್ಕೂ ಮೊದಲೇ, 1970ರ ದಶಕದಲ್ಲಿ, ವಾಸ್ತುಶಿಲ್ಪಿ ಲಾರಿ ಬೇಕರ್ ಅದೇ ನಗರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ಕಟ್ಟಡಗಳಿಗೆ ಇಟ್ಟಿಗೆಯ ಜಾಲಿಗೋಡೆ ಕಟ್ಟಿ, ತಂಪನ್ನು ಕಟ್ಟಡದ ರಚನೆಯಿಂದಲೇ ಪಡೆಯಬಹುದೆಂದು ತೋರಿಸಿದ್ದರು.

ಈ ರಾಜ್ಯದಲ್ಲಿ ಕಾರ್ಖಾನೆಗಳಿಗಿಂತ ಮನೆಗಳ ಬಳಕೆ ದೊಡ್ಡದು. ಬೇಡಿಕೆ ಏರುವುದು ದೀಪ ಹಚ್ಚುವ ಹೊತ್ತಿಗೆ. ಆದ್ದರಿಂದ ಮಿತವ್ಯಯ ದೀಪದಿಂದಲೇ ಶುರುವಾದದ್ದು ಸರಿಯಾಗಿತ್ತು. 2010ರಲ್ಲಿ ಕೇಂದ್ರ ಸರ್ಕಾರದ ಬಚತ್ ಲ್ಯಾಂಪ್ ಯೋಜನೆಯಡಿ 1 ಕೋಟಿಗೂ ಹೆಚ್ಚು ಸಿಎಫ್‌ಎಲ್ ದೀಪಗಳು ಮನೆಗಳಿಗೆ ಬಂದವು. ಆಮೇಲೆ ಎಲ್‌ಇಡಿ ಬಂತು. ಕಾಸರಗೋಡು ಜಿಲ್ಲೆಯ ಪೀಲಿಕ್ಕೋಡ್ ಪಂಚಾಯಿತಿ ಹಳೆಯ ತಂತಿಬಲ್ಬುಗಳನ್ನೇ ಬಿಟ್ಟಿತು. ಬೆಳೆಯುವ ರಾಜ್ಯಕ್ಕೆ ಮಿತವ್ಯಯ ಹೇಳುವುದು ಬಡವರ ಸೌಕರ್ಯವನ್ನು ಮೊಟಕುಗೊಳಿಸಿದಂತೆ ಎಂಬ ಆಕ್ಷೇಪವಿದೆ. ಆದರೆ 60 ವ್ಯಾಟ್ ಬಲ್ಬಿನ ಬೆಳಕನ್ನು 9 ವ್ಯಾಟ್ ಎಲ್‌ಇಡಿ ಕೊಡುವಾಗ ಕಡಿಮೆಯಾಗುವುದು ಬಿಲ್ಲು ಮಾತ್ರ, ಬೆಳಕಲ್ಲ. ಅಗತ್ಯದ ಬಹುಪಾಲನ್ನು ಹೊರಗಿನಿಂದ ಕೊಳ್ಳುವ ರಾಜ್ಯಕ್ಕೆ ಸಂಜೆ ಉಳಿಸಿದ ಯೂನಿಟ್ಟೇ ಅಗ್ಗದ ಯೂನಿಟ್ಟು.

ಸೌರಶಕ್ತಿಯಲ್ಲಿ ದಾರಿ ತೋರಿದ್ದು ಕೊಚ್ಚಿ. ಅಲ್ಲಿನ ವಿಮಾನ ನಿಲ್ದಾಣ 2013ರಲ್ಲಿ 100 ಕಿಲೋವಾಟ್ ಫಲಕಗಳಿಂದ ಆರಂಭಿಸಿ, 2015ರ ಆಗಸ್ಟ್ 18ರಂದು 45 ಎಕರೆಯ 12 ಮೆಗಾವಾಟ್ ಸ್ಥಾವರದೊಂದಿಗೆ ಪೂರ್ತಿ ಸೌರಶಕ್ತಿಯ ವಿಮಾನ ನಿಲ್ದಾಣವೆನಿಸಿತು. 2018ರಲ್ಲಿ ವಿಶ್ವಸಂಸ್ಥೆಯ ಚಾಂಪಿಯನ್ಸ್ ಆಫ್ ದಿ ಅರ್ಥ್ ಪ್ರಶಸ್ತಿ ಪಡೆಯಿತು. ಕಾಸರಗೋಡು ಜಿಲ್ಲೆಯ ತುಳು, ಕನ್ನಡ ಮಾತಾಡುವ ಪೈವಳಿಕೆ, ಮೀಂಜ, ಚಿಪ್ಪಾರು ಗ್ರಾಮಗಳ 50 ಮೆಗಾವಾಟ್ ಸ್ಥಾವರ 2021ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು.

ಬಿಸಿಲು ಹಗಲಿನದು, ಬೇಡಿಕೆ ರಾತ್ರಿಯದು ಎಂಬುದು ಸೌರಶಕ್ತಿಗಿರುವ ಗಟ್ಟಿ ಆಕ್ಷೇಪ. ಕೊಚ್ಚಿ ವಿಮಾನ ನಿಲ್ದಾಣವೂ ಹಗಲಿನ ಹೆಚ್ಚುವರಿಯನ್ನು ಗ್ರಿಡ್‌ಗೆ ಕೊಟ್ಟು ರಾತ್ರಿ ಅಲ್ಲಿಂದಲೇ ಮರಳಿ ಪಡೆಯುತ್ತದೆ. 2024ರ ಮೇ ತಿಂಗಳ ಸೆಖೆಯಲ್ಲಿ ರಾಜ್ಯದ ರಾತ್ರಿಯ ಬೇಡಿಕೆ 5,700 ಮೆಗಾವಾಟ್ ದಾಟಿತು. ಎಸಿಗಳೂ ವಿದ್ಯುತ್ ವಾಹನಗಳೂ ಅದನ್ನು ಇನ್ನಷ್ಟು ಏರಿಸುತ್ತಿವೆ. ಹಾಗೆಂದು ಸೌರಶಕ್ತಿ ವ್ಯರ್ಥವಲ್ಲ: ಹಗಲಿನಲ್ಲಿ ಅದು ಒದಗಿದಷ್ಟೂ ಜಲಾಶಯದ ನೀರು ರಾತ್ರಿಗೆ ಉಳಿಯುತ್ತದೆ. ಕಾಸರಗೋಡಿನ ಮೈಲಾಟ್ಟಿಯಲ್ಲಿ ಯೋಜಿಸಿರುವ 125 ಮೆಗಾವಾಟ್ ಬ್ಯಾಟರಿ ಘಟಕವೂ ಹಗಲಿನ ವಿದ್ಯುತ್ತನ್ನು ರಾತ್ರಿಗೆ ಉಳಿಸುವ ಉದ್ದೇಶದ್ದು. ಸುಮಾರು 75 ವ್ಯಾಟ್‌ನ ಫ್ಯಾನಿನ ಜಾಗಕ್ಕೆ ಮಿತವ್ಯಯದ ಮೋಟಾರಿರುವ 30 ವ್ಯಾಟ್‌ನ ಬಿಎಲ್‌ಡಿಸಿ ಫ್ಯಾನ್ ಬಂದರೆ ಅಂಥ ಬ್ಯಾಟರಿಯ ಮೇಲಿನ ಹೊರೆಯೂ ಇಳಿಯುತ್ತದೆ. 2040ಕ್ಕೆ ಪೂರ್ತಿ ನವೀಕರಿಸಬಹುದಾದ ಇಂಧನ ಎಂಬ ಕೇರಳದ ಗುರಿ ಕೈಗೂಡಬೇಕಾದರೆ ಫಲಕಗಳ ಎಣಿಕೆಯಷ್ಟೇ ಶ್ರದ್ಧೆಯಿಂದ ರಾತ್ರಿಯ ಬಳಕೆಯನ್ನು ತಗ್ಗಿಸುವ ಕೆಲಸವೂ ನಡೆಯಬೇಕು.