ಬಾಂದ್ರಾದ ವಲಸೆ ಪೀಡೆಗಳು ಮತ್ತು ಅವುಗಳ ನಿಯಂತ್ರಣ

ಮುಂಬಯಿಯ ಪಶ್ಚಿಮ ಉಪನಗರ ಬಾಂದ್ರಾದಲ್ಲಿ ಪೆಸ್ಟ್ ಕಂಟ್ರೋಲ್ ವೃತ್ತಿಯವರು ಎದುರಿಸುವ ಪೀಡೆಗಳಲ್ಲಿ ಹಲವು ಹಡಗು, ಸರಕು, ಸಸಿಗಳ ಜೊತೆ ಹೊರನಾಡುಗಳಿಂದ ಬಂದು ನೆಲೆಯೂರಿದವು. ಕಂದು ಇಲಿ, ಈಡಿಸ್ ಸೊಳ್ಳೆ, ಆಫ್ರಿಕಾದ ದೈತ್ಯ ಬಸವನಹುಳು, ಹಿಟ್ಟುತಿಗಣೆ ಇವುಗಳಲ್ಲಿ ಮುಖ್ಯ. ಮನುಷ್ಯರೇ ಕಟ್ಟಿದ ಚರಂಡಿ, ನೀರಿನ ಟ್ಯಾಂಕಿ, ಅಡುಗೆಮನೆ, ಕೈತೋಟಗಳು ಇವಕ್ಕೆ ಆಸರೆ. ಹಾಗಾಗಿ ಇಲ್ಲಿ ವಿಷ ಹಾಕುವುದಕ್ಕಿಂತ ತಪಾಸಣೆಯೇ ದೊಡ್ಡ ಕೆಲಸ.

ಇಲಿಯ ಭಯ ಈ ಊರಿಗೆ ಹಳೆಯದು. 1896ರ ಸೆಪ್ಟೆಂಬರಿನಲ್ಲಿ ಬಂದರಿನ ಬಳಿಯ ಮಾಂಡವಿಯಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಪ್ಲೇಗನ್ನು ಗುರುತಿಸಿದರು. ಬಾಂದ್ರಾದ ಓಣಿಗಳಲ್ಲಿ ಇಂದೂ ಕಾಣುವ ಶಿಲುಬೆಗಳಲ್ಲಿ ಹಲವನ್ನು ಆ ದಿನಗಳಲ್ಲಿ ರಕ್ಷಣೆ ಬೇಡಿ ನಿಲ್ಲಿಸಲಾಯಿತು. ಈಗಿನ ಆತಂಕ ಇಲಿಜ್ವರದ್ದು. 2005ರ ಜುಲೈ 26ರಂದು ಪಕ್ಕದ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದು ನೆರೆ ಬಂದ ಬಳಿಕ ಅದು ನಗರದಲ್ಲಿ ಹರಡಿತು. ಮಹಾನಗರಪಾಲಿಕೆಯ ಕಾರ್ಮಿಕರು ಕೋಲು, ಟಾರ್ಚ್ ಹಿಡಿದು ರಾತ್ರಿಯಿಡೀ ಇಲಿ ಕೊಲ್ಲುತ್ತಾರೆ. ಈ ಕಷ್ಟದ ದುಡಿಮೆಗೆ ಸಲ್ಲಬೇಕಾದ ಗೌರವ ಸಂದಿಲ್ಲ. ಆದರೆ ಕೊಲ್ಲುವುದೊಂದೇ ಸಾಲದು: ಹೆಣ್ಣಿಲಿ ಗರ್ಭ ಧರಿಸಿದ ಮೂರು ವಾರಗಳಲ್ಲೇ ಮರಿ ಹಾಕುತ್ತದೆ. ಕಸ ಬಯಲಲ್ಲಿ ಬಿದ್ದಿರುವವರೆಗೆ ಕೊಂದಷ್ಟೂ ಮತ್ತೆ ಹುಟ್ಟುತ್ತವೆ. ನುರಿತವರು ಮೊದಲು ಬಿಲ ಮುಚ್ಚಿ, ಕೊಳವೆಗಳ ಸುತ್ತಲಿನ ಸಂದಿಗೆ ಸಿಮೆಂಟು ಮೆತ್ತಿ, ಚರಂಡಿಗೆ ಜಾಲರಿ ಹಾಕಿಸುತ್ತಾರೆ. ಬ್ರೋಮಡಿಯೊಲೋನ್ ಎಂಬ ಇಲಿವಿಷದ ಆಮಿಷವನ್ನು ಬೀಗವಿರುವ ಪೆಟ್ಟಿಗೆಯಲ್ಲೇ ಇಡಬೇಕು. ವಿಷ ತಿಂದ ಇಲಿಯನ್ನು ಹಿಡಿದ ಬೆಕ್ಕು, ಗೂಬೆಗಳೂ ಸಾಯಬಹುದು.

ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಮೂಲತಃ ಆಫ್ರಿಕಾದ್ದು. ಹೂಕುಂಡದ ತಟ್ಟೆ, ಟಾರ್ಪಾಲಿನ ಮಡಿಕೆಯಲ್ಲಿ ನಿಂತ ನೀರು ಅದಕ್ಕೆ ಸಾಕು. ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹೊಗೆ ಹಾಯಿಸಿದರೆ ಹಾರುವ ಸೊಳ್ಳೆ ಸಾಯುತ್ತದೆ, ಮೊಟ್ಟೆ ಸಾಯುವುದಿಲ್ಲ. ತಟ್ಟೆಯ ಒಳಬದಿಯನ್ನು ವಾರಕ್ಕೊಮ್ಮೆ ಉಜ್ಜಿ ತೊಳೆಯುವುದೇ ಮದ್ದು. ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆ ಮಾತ್ರ ಈ ನೆಲದ್ದೇ. 2012ರಲ್ಲಿ ಅದು ಜಿಬೂಟಿಯಲ್ಲಿ ಪತ್ತೆಯಾಗಿ ಈಗ ಆಫ್ರಿಕಾದ ನಗರಗಳಿಗೆ ಪೀಡೆಯಾಗಿದೆ. ಟ್ಯಾಂಕಿಗೆ ಸೊಳ್ಳೆ ನುಸುಳದ ಮುಚ್ಚಳ ಹಾಕಿಸುವ ಮುಂಬಯಿಯ ಹಳೆಯ ಪದ್ಧತಿ ಅಲ್ಲಿಗೂ ಬೇಕಾದ ಪಾಠ.

ಹೋಟೆಲುಗಳಲ್ಲಿ ಚಿಕ್ಕ ಗಾತ್ರದ ಜರ್ಮನ್ ಜಿರಳೆಯ ಹಾವಳಿ. ಇದರ ಪೂರ್ವಜ ಭಾರತ ಅಥವಾ ಮ್ಯಾನ್ಮಾರ್ ಕಡೆಯದೆಂದು 2024ರ ವಂಶವಾಹಿ ಅಧ್ಯಯನ ತೋರಿಸಿದೆ. ಕರಾವಳಿ ಕನ್ನಡಿಗರು ನಡೆಸುವ ಉಡುಪಿ ಹೋಟೆಲುಗಳ ಅಡುಗೆಮನೆಗೂ ಈ ಎಚ್ಚರ ಬೇಕು: ಔಷಧ ಸಿಂಪಡಿಸಿದರೆ ಜಿರಳೆಗಳು ಚದುರಿ ಬೇರೆಡೆ ಅಡಗುತ್ತವೆ, ಫ್ರಿಜ್ಜಿನ ಹಿಂದೆ, ಕೀಲುಸಂದಿಗಳಲ್ಲಿ ಇಟ್ಟ ಜೆಲ್ ಆಮಿಷ ಹೆಚ್ಚು ಫಲಕಾರಿ.

ಮಳೆಗಾಲದಲ್ಲಿ ತೋಟಗಳಿಗೆ ಲಗ್ಗೆಯಿಡುವ ದೈತ್ಯ ಬಸವನಹುಳು 1847ರಲ್ಲಿ ಕಲ್ಕತ್ತೆಯ ಮೂಲಕ ಭಾರತಕ್ಕೆ ಬಂತು. ಮಿದುಳುಪೊರೆಯ ಉರಿಯೂತ ತರುವ ಜಂತು ಅದರಲ್ಲಿರಬಹುದಾದ್ದರಿಂದ ಕೈಗವಸಿಲ್ಲದೆ ಮುಟ್ಟಬಾರದು. ಮುಂಬಯಿಯ ಮಳೆಮರಗಳನ್ನು ಒಣಗಿಸಿದ್ದು ಹಿಟ್ಟುತಿಗಣೆ. ಇದೇ ಬಳಗದ ಪಪ್ಪಾಯಿ ಹಿಟ್ಟುತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಾಗ, ಬೆಂಗಳೂರಿನ ಕೃಷಿ ಕೀಟ ಸಂಸ್ಥೆ 2010ರಲ್ಲಿ ಪೋರ್ಟೊರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ ಹತೋಟಿಗೆ ತಂದಿತು. ಕಂಡಕಂಡಲ್ಲಿ ಕೀಟನಾಶಕ ಸಿಂಪಡಿಸಿದರೆ ಇಂಥ ಮಿತ್ರಕೀಟಗಳೇ ಮೊದಲು ನಾಶವಾಗುತ್ತವೆ.

1968ರ ಕೀಟನಾಶಕ ಕಾಯ್ದೆಯಡಿ ಈ ವೃತ್ತಿಗೆ ಪರವಾನಗಿ ಕಡ್ಡಾಯ. ಅದಕ್ಕೆ ಬೇಕಾದ ತರಬೇತಿ ನೀಡುವ ಸಂಸ್ಥೆಗಳಲ್ಲಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ (ಸಿ.ಎಫ್.ಟಿ.ಆರ್.ಐ.) ಒಂದು. ಕೀಟನಾಶಕವಾಗಿ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ತೇವ ತಾಗಿದೊಡನೆ ಪ್ರಾಣಘಾತಕ ಫಾಸ್ಫೀನ್ ಅನಿಲ ಬಿಡುತ್ತದೆ. ಅದನ್ನು ಸಾರ್ವಜನಿಕರಿಗೆ ಮಾರುವಂತಿಲ್ಲ. ತಿಗಣೆ ಓಡಿಸಲೆಂದು ಆ ಮಾತ್ರೆಯೊಂದಿಗೆ ಮನೆಗೆ ಯಾರೇ ಬಂದರೂ ಒಳಗೆ ಬಿಡಬೇಡಿ. ಮೊದಲು ಪರವಾನಗಿ ಕೇಳಿ.