ಕೋಟಿ ಸಾಲುಗಳ ಕಟ್ಟಡ ಮತ್ತು ನಮ್ಮ ಅಕ್ಷರ

ತಂತ್ರಾಂಶವೆಂದರೆ ಒಬ್ಬ ಜಾಣ ಹುಡುಗ ಕೋಣೆಯಲ್ಲಿ ಒಂಟಿಯಾಗಿ ಕುಳಿತು ಬರೆಯುವ ವಸ್ತು ಎಂಬ ಕಲ್ಪನೆ ನಮ್ಮ ಕಡೆಯ ಹಿರಿಯರಲ್ಲಿ ಇನ್ನೂ ಇದೆ. ಕಿಣ್ಣಿ ಸುಲ್ತಾನದಿಂದ, ಆಳಂದದಿಂದ ಹೊರಟು ಬೆಂಗಳೂರು, ಪುಣೆ, ಹೈದರಾಬಾದುಗಳನ್ನು ಸೇರಿದ ನನ್ನ ವಿದ್ಯಾರ್ಥಿಗಳು ಜಾತ್ರೆಗೆ ಬಂದಾಗ "ಏನ್ ಕೆಲಸ ಮಾಡ್ತಿಯಪಾ?" ಎಂದು ಕೇಳಿದರೆ "ಕೋಡ್ ಬರಿತೀನ್ರಿ ಸರ್" ಎನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಸಮಾಜ ವಿಜ್ಞಾನ ಕಲಿಸಿದ ನನಗೆ ಆ ಬರಹದ ಒಳಗುಟ್ಟು ತಿಳಿಯದು. ಆದರೆ ಸಾವಿರಾರು ಜನ ಸೇರಿ ಒಂದೇ ಬರಹವನ್ನು ಹೇಗೆ ಬರೆಯುತ್ತಾರೆ ಎಂಬುದು ಇತಿಹಾಸದ ಪ್ರಶ್ನೆ. ನಿವೃತ್ತಿಯ ಬಿಡುವಿನಲ್ಲಿ ಅದನ್ನು ಓದಿಕೊಂಡೆ.

ಈ ಕಥೆಗೆ ಐಬಿಎಂ ಕಂಪನಿಯಿಂದ ಆರಂಭ ಹೇಳುವುದು ಸೂಕ್ತ. 1964ರಲ್ಲಿ ಅದು ಸಿಸ್ಟಮ್/360 ಎಂಬ ಗಣಕಯಂತ್ರಗಳ ಶ್ರೇಣಿಯನ್ನು ಘೋಷಿಸಿತು. ಅದರ ಕಾರ್ಯಾಚರಣಾ ತಂತ್ರಾಂಶವನ್ನು ಬರೆಯಲು ಒಂದು ಹಂತದಲ್ಲಿ ಸಾವಿರ ಜನ ದುಡಿಯುತ್ತಿದ್ದರು. ಮೇಲ್ವಿಚಾರಕರಾಗಿದ್ದ ಫ್ರೆಡ್ ಬ್ರೂಕ್ಸ್ ಆ ಅನುಭವವನ್ನು 1975ರಲ್ಲಿ ಪುಸ್ತಕವಾಗಿ ಬರೆದರು. ಯಾರು ಏನು ಬರೆಯುತ್ತಿದ್ದಾರೆಂದು ಎಲ್ಲರಿಗೂ ತಿಳಿದಿರಲೆಂದು ಪ್ರತಿಯೊಬ್ಬರ ಮೇಜಿಗೂ ಒಂದು ದಾಖಲೆ ಪುಸ್ತಕ ಕೊಟ್ಟಿದ್ದರಂತೆ. ಆರು ತಿಂಗಳಲ್ಲಿ ಅದು ಐದು ಅಡಿ ದಪ್ಪವಾಯಿತು! ದಿನವೂ ಬರುವ ತಿದ್ದುಪಡಿ ಹಾಳೆಗಳೇ ಸುಮಾರು 150. ಅವುಗಳನ್ನು ಸರಿಯಾದ ಜಾಗಕ್ಕೆ ಸೇರಿಸುವುದರಲ್ಲೇ ಹೊತ್ತು ಹೋಗುತ್ತಿತ್ತು. ಕೊನೆಗೆ ಕಾಗದ ಬಿಟ್ಟು ಮೈಕ್ರೋಫಿಶ್‌ಗೆ ಬದಲಾಯಿಸಿಕೊಂಡರು.

ತಡವಾದ ತಂತ್ರಾಂಶಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂಬುದು ಬ್ರೂಕ್ಸರ ಪ್ರಸಿದ್ಧ ನಿಯಮ. ತೊಗರಿ ಕೊಯ್ಯಲು ಹತ್ತು ಆಳಿನ ಬದಲು ಇಪ್ಪತ್ತು ಆಳು ಹಚ್ಚಿದರೆ ಕೆಲಸ ಅರ್ಧ ದಿನದಲ್ಲಿ ಮುಗಿಯುತ್ತದೆ, ಏಕೆಂದರೆ ಒಂದು ಸಾಲಿನವರು ಪಕ್ಕದ ಸಾಲಿನವರನ್ನು ಕೇಳಬೇಕಾದದ್ದು ಏನೂ ಇಲ್ಲ. ತಂತ್ರಾಂಶದಲ್ಲಿ ಕೇಳಲೇಬೇಕು. ಹತ್ತು ಜನರಿದ್ದರೆ ಮಾತನಾಡಬೇಕಾದ ಜೋಡಿಗಳು 45, ಐವತ್ತು ಜನರಿದ್ದರೆ 1,225. ಗಣಿತದಲ್ಲಿ ಹಿಂದಿದ್ದವರೂ ಕೈಯಲ್ಲಿ ಲೆಕ್ಕ ಹಾಕಿ ನೋಡಬಹುದು.

ಹಾಗಾದರೆ ಮಾತೇ ಬೇಡವಾಗುವಂತೆ ಕೆಲಸವನ್ನು ಹಂಚುವುದು ಹೇಗೆ? 1972ರಲ್ಲಿ ಡೇವಿಡ್ ಪಾರ್ನಸ್ ಎಂಬ ವಿದ್ವಾಂಸರು ಒಂದು ಸಣ್ಣ ಲೇಖನದಲ್ಲಿ ಇದಕ್ಕೆ ಉತ್ತರ ಕೊಟ್ಟರು. ನನಗೆ ಅತ್ಯಂತ ಪ್ರಿಯವಾದ ಭಾಗ ಇದೇ, ಏಕೆಂದರೆ ಅವರು ಆರಿಸಿಕೊಂಡ ಉದಾಹರಣೆ ಒಂದು ಪದಸೂಚಿ. ಪ್ರತಿ ಸಾಲಿನ ಪ್ರತಿಯೊಂದು ಪದವನ್ನೂ ಸರದಿಯಂತೆ ಮುಂದಕ್ಕೆ ತಂದು, ಬಂದ ಎಲ್ಲ ಸಾಲುಗಳನ್ನೂ ಅಕಾರಾದಿಯಲ್ಲಿ ಜೋಡಿಸಬೇಕು. ನಮ್ಮ ವಿದ್ವಾಂಸರು ಪದಪ್ರಯೋಗ ಕೋಶಗಳಿಗಾಗಿ ಸಾವಿರಾರು ಚೀಟಿ ಬರೆದು ಮಾಡಿದ ಕೆಲಸದ ಮಾದರಿಯೇ ಅದು. ಓದುವುದು ಒಬ್ಬನಿಗೆ, ಸರದಿ ಮಾಡುವುದು ಇನ್ನೊಬ್ಬನಿಗೆ, ಜೋಡಿಸುವುದು ಮತ್ತೊಬ್ಬನಿಗೆ ಎಂದು ಹಂತಹಂತವಾಗಿ ಹಂಚುವುದು ಸಹಜವಾಗಿ ತೋರುತ್ತದೆ. ಪಾರ್ನಸ್ ಇದು ತಪ್ಪು ಎಂದರು. ಹಾಗೆ ಹಂಚಿದರೆ ಸಾಲುಗಳನ್ನು ಯಂತ್ರದಲ್ಲಿ ಹೇಗೆ ಶೇಖರಿಸಿದೆ ಎಂಬುದು ಎಲ್ಲರಿಗೂ ಗೊತ್ತಿರಬೇಕಾಗುತ್ತದೆ. ನಾಳೆ ಆ ವಿಧಾನ ಬದಲಾದರೆ ಎಲ್ಲರ ಕೆಲಸವನ್ನೂ ತಿದ್ದಬೇಕು. ಅದರ ಬದಲು ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನೂ ಒಂದೊಂದು ಘಟಕದ ಗೋಡೆಯೊಳಗೆ ಮುಚ್ಚಿಡಿ, ಹೊರಗಿನವರಿಗೆ ಬಾಗಿಲು ಮಾತ್ರ ಕಾಣಲಿ, ಎಂಬುದು ಅವರ ವಾದ. ಅಣ್ಣತಮ್ಮಂದಿರು ಪಾಲಾದ ಮೇಲೆ ಒಬ್ಬನು ತನ್ನ ಮಾಳಿಗೆಯ ತೊಲೆ ಬದಲಿಸಿದರೆ ಇನ್ನೊಬ್ಬನ ಅಡುಗೆಮನೆಗೆ ಮಣ್ಣು ಉದುರಬಾರದು, ಅಷ್ಟೇ.

ಹಂಚಿ ಬರೆದದ್ದನ್ನು ಮತ್ತೆ ಒಂದುಗೂಡಿಸಬೇಕಲ್ಲ. 1976ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಎಂಬವರು ತಮ್ಮ ಕ್ರಮವಿಧಿಯ ದೋಷ ಹುಡುಕುತ್ತ ಒಂದು ಬೆಳಗನ್ನೇ ಕಳೆದರು. ದೋಷವನ್ನು ಮೊದಲೇ ತಿದ್ದಿಯಾಗಿತ್ತು. ತಿದ್ದಿದ ಕಡತವನ್ನು ಮರಳಿ ಯಂತ್ರಭಾಷೆಗೆ ಪರಿವರ್ತಿಸದೆ ಹಳೆಯದನ್ನೇ ಜೋಡಿಸಲಾಗಿತ್ತು. ಅವರ ಗೊಣಗಾಟ ಕೇಳಿದ ಸ್ಟುವರ್ಟ್ ಫೆಲ್ಡ್‌ಮನ್ 'ಮೇಕ್' ಎಂಬ ಸಾಧನ ಬರೆದರು. ಯಾವ ಕಡತ ಯಾವುದನ್ನು ಅವಲಂಬಿಸಿದೆ ಎಂಬ ಪಟ್ಟಿ ಕೊಟ್ಟರೆ, ಬದಲಾದದ್ದನ್ನೂ ಅದನ್ನು ನೆಚ್ಚಿಕೊಂಡವುಗಳನ್ನೂ ಮಾತ್ರ ಅದು ಹೊಸದಾಗಿ ಕಟ್ಟುತ್ತದೆ. ಆ ಪಟ್ಟಿಯಲ್ಲಿ ಕೆಲವು ಸಾಲುಗಳು 'ಟ್ಯಾಬ್' ಕೀಲಿಯಿಂದಲೇ ಆರಂಭವಾಗಬೇಕೆಂಬ ಒಂದು ವಿಚಿತ್ರ ನಿಯಮವಿದೆ. ಅದು ತೊಡಕೆಂದು ತಿಳಿಯುವಷ್ಟರಲ್ಲಿ ಹನ್ನೆರಡು ಮಂದಿ ಬಳಸುತ್ತಿದ್ದರು. ಅವರಿಗೆ ತೊಂದರೆಯಾದೀತೆಂದು ಫೆಲ್ಡ್‌ಮನ್ ಸುಮ್ಮನಾದರು. ಆ ಹನ್ನೆರಡು ಮಂದಿಯ ಸಂಕೋಚಕ್ಕಾಗಿ ಇಂದಿಗೂ ಲೋಕವೆಲ್ಲ ಟ್ಯಾಬ್ ಒತ್ತುತ್ತಿದೆ.

ಲಿನಕ್ಸ್ ವಿಷಯ ನಿಮ್ಮಲ್ಲಿ ಅನೇಕರಿಗೆ ನನಗಿಂತ ಚೆನ್ನಾಗಿ ಗೊತ್ತು. 1991ರಲ್ಲಿ ಸುಮಾರು 10,000 ಸಾಲುಗಳಿದ್ದ ಅದು 2020ರ ಹೊತ್ತಿಗೆ 2.7 ಕೋಟಿ ದಾಟಿತು. ಇಷ್ಟು ಜನರ ತಿದ್ದುಪಡಿಗಳ ಚರಿತ್ರೆಯನ್ನು ಕಾಯುವ ಸಾಧನದ ಬಳಕೆಯ ಬಗ್ಗೆ 2005ರ ಏಪ್ರಿಲ್‌ನಲ್ಲಿ ಜಗಳವಾದಾಗ, ಲಿನಸ್ ಟೊರ್ವಾಲ್ಡ್ಸ್ ಕೆಲವೇ ದಿನಗಳಲ್ಲಿ 'ಗಿಟ್' ಬರೆದರು. ಯಾರು, ಯಾವಾಗ, ಯಾವ ಸಾಲು ಬದಲಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಬ್ರೂಕ್ಸರ ಐದು ಅಡಿಯ ಪುಸ್ತಕಕ್ಕೆ ಕೊನೆಗೆ ಸಿಕ್ಕ ಪರಿಹಾರ ಇದೆನ್ನಬಹುದು.

ಇಷ್ಟೆಲ್ಲ ಬರೆದದ್ದು ಕನ್ನಡದ ವಿಷಯಕ್ಕೆ ಬರಲೆಂದೇ. ಪಾರ್ನಸ್ ಹೇಳಿದ ಗೋಡೆ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾವು ನಮ್ಮ ನುಡಿಯಲ್ಲೇ ಅನುಭವಿಸಿದ್ದೇವೆ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಈ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಿತು. ಅದರ ಕೀಲಿಮಣೆಗೆ ಕೆ. ಪಿ. ರಾವ್ ಅವರ ವಿನ್ಯಾಸವೇ ಆಧಾರ. ಇವರೆಲ್ಲರ ಉಪಕಾರ ದೊಡ್ಡದು. ಆದರೆ ಅಂದಿನ ಫಾಂಟುಗಳಿಗೆ ಸಿಗುತ್ತಿದ್ದದ್ದು 256 ಸ್ಥಾನಗಳು ಮಾತ್ರ. ಆದ್ದರಿಂದ ಕಡತದಲ್ಲಿ ಉಳಿಯುತ್ತಿದ್ದದ್ದು ಅಕ್ಷರವಲ್ಲ, ಅಕ್ಷರದ ಚಿತ್ರದ ತುಂಡುಗಳು. 'ಕ' ಎಂದರೆ ಎರಡು ತುಂಡು, ಒಡಲು ಮತ್ತು ತಲೆಕಟ್ಟು. 'ಕಿ' ಎಂದರೆ ಬೇರೆಯದೇ ಒಂದು ತುಂಡು. 'ಸೂರ್ಯ' ಎಂಬಲ್ಲಿ ನಾವು ಮೊದಲು ಉಚ್ಚರಿಸುವ ರಕಾರ, ಅರ್ಕಾವತ್ತಿನ ಚಿತ್ರವಾಗಿ ಯಕಾರದ ನಂತರ ಕೂರುತ್ತಿತ್ತು. ಅಂತಹ ಕಡತದಲ್ಲಿ ಅಕಾರಾದಿ ಜೋಡಣೆ ಹೇಗೆ ಸಾಧ್ಯ? ಪದ ಹುಡುಕುವುದು ಹೇಗೆ? ಶ್ರೀಲಿಪಿಯ ತುಂಡುಗಳ ಕ್ರಮ ಬೇರೆ, ಆಕೃತಿಯದು ಬೇರೆ, ನುಡಿಯದು ಬೇರೆ. ಅಕ್ಷರವನ್ನು ಹೇಗೆ ಬಿಡಿಸಬೇಕೆಂಬ ಒಂದು ಫಾಂಟಿನ ಒಳನಿರ್ಧಾರ ನಾಡಿನ ಎಲ್ಲ ಕಡತಗಳೊಳಗೂ ಸೋರಿಹೋಗಿತ್ತು.

ಯೂನಿಕೋಡ್ ಕಟ್ಟಿದ್ದು ಆ ಗೋಡೆಯನ್ನು. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಜಾಗವಿತ್ತು. ಕಡತದಲ್ಲಿ ಉಚ್ಚಾರಣೆಯ ಕ್ರಮದಲ್ಲಿ ಅಕ್ಷರಗಳಷ್ಟೇ ಇರುತ್ತವೆ. 'ಕ್ಷ' ಎಂದರೆ ಕಕಾರ, ಹಲಂತ, ಷಕಾರ. ಅದನ್ನು ಒತ್ತು, ತಲೆಕಟ್ಟುಗಳೊಡನೆ ಬಿಡಿಸುವುದು ಬೇರೊಂದು ಘಟಕದ ಹೊಣೆ. ಸಾಮಾನ್ಯ ಗಣಕಗಳಿಗೆ ಈ ಸೌಲಭ್ಯ ತಲುಪಲು ವಿಂಡೋಸ್ ಎಕ್ಸ್‌ಪಿ ಬಂದ 2001ರವರೆಗೆ ಕಾಯಬೇಕಾಯಿತು. ಇಂದು ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲೆಲ್ಲ ಆ ಕೆಲಸ ಮಾಡುವುದು 'ಹಾರ್ಫ್‌ಬಜ್' ಎಂಬ ಒಂದೇ ಮುಕ್ತ ತಂತ್ರಾಂಶ. ಅಲ್ಲಿ ಒಂದು ಒತ್ತಕ್ಷರದ ದೋಷ ತಿದ್ದಿದರೆ, ಮುಂದಿನ ಆವೃತ್ತಿಗಳ ಮೂಲಕ ಎಲ್ಲೆಡೆಯೂ ತಿದ್ದುಪಡಿಯಾಗುತ್ತದೆ.

ನನಗೆ ಇದು ಬರಿಯ ಓದಿನ ವಿಷಯವಲ್ಲ. ನಮ್ಮ ಸೀಮೆಯ ಮುದುಕಿಯರಿಂದ ಕೇಳಿ ಬರೆದುಕೊಂಡ ಬೀಸುವ ಪದಗಳನ್ನೂ ಕೆಲವು ಹಂತಿ ಪದಗಳನ್ನೂ 2003ರಲ್ಲಿ ಒಂದು ಡಿಟಿಪಿ ಅಂಗಡಿಯಲ್ಲಿ ಬೆರಳಚ್ಚು ಮಾಡಿಸಿದ್ದೆ. ನೋಟುಬುಕ್ಕುಗಳನ್ನು ಗೆದ್ದಲು ತಿಂದಿತು. ಹಾಡಿದವರಲ್ಲಿ ಈಗ ಯಾರೂ ಉಳಿದಿಲ್ಲ. ಸಿ.ಡಿ.ಯನ್ನು ಹೊಸ ಗಣಕದಲ್ಲಿ ತೆರೆದರೆ ಪರದೆಯ ತುಂಬ ಕೊಂಬು ಬಾಲಗಳ ಇಂಗ್ಲಿಷ್ ಅಕ್ಷರಗಳು. ಪುಣೆಯಲ್ಲಿರುವ ನನ್ನ ಶಿಷ್ಯನೊಬ್ಬ ದೀಪಾವಳಿಗೆ ಬಂದವನು ಎರಡು ರಾತ್ರಿ ಕುಳಿತು, ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕದಿಂದ ಬಹುಪಾಲು ಪದಗಳನ್ನು ಉಳಿಸಿಕೊಟ್ಟ. ಅರ್ಕಾವತ್ತು ಇದ್ದ ಕಡೆ ನಾನೇ ಕೂತು ನೋಡಿ ಸರಿಪಡಿಸಿದೆ.

ಹನ್ನೊಂದು ಪದಗಳು ಮಾತ್ರ ಯಾವ ಪರಿವರ್ತಕಕ್ಕೂ ಬಗ್ಗಲಿಲ್ಲ. ಅವು ಬೇರೆ ಯಾವುದೋ ಫಾಂಟಿನಲ್ಲಿವೆ, ಆ ಫಾಂಟಿನ ಹೆಸರೂ ಕಡತದಲ್ಲಿ ಉಳಿದಿಲ್ಲ. ಆ ದಿನಗಳಲ್ಲಿ ಆಳಂದದ ಕಡೆ ಡಿಟಿಪಿ ಕೆಲಸ ಮಾಡಿದವರು, ಅಥವಾ ಅಂದಿನ ಫಾಂಟುಗಳ ಸಿ.ಡಿ.ಗಳನ್ನು ಇಟ್ಟುಕೊಂಡವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಕಡತವನ್ನು ಕಳಿಸಿಕೊಡುತ್ತೇನೆ.