ಅಲೆಯ ಬೆನ್ನೇರಿದ ದನಿ

1935ರಲ್ಲಿ ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಚೆಂದದ ಹೆಸರು ಪಡೆದ ಕೇಂದ್ರ ಅದು. ಅಲ್ಲಿ ಆಡಿದ ಮಾತು ತಂತಿಯ ನೆರವಿಲ್ಲದೆ ಊರ ಮನೆಗಳನ್ನು ತಲುಪಿದ್ದು ಹೇಗೆ?

ಮೈಕ್ರೊಫೋನು ದನಿಯ ಕಂಪನವನ್ನು ವಿದ್ಯುತ್ತಿನ ಏರಿಳಿತವಾಗಿಸುತ್ತದೆ. ಅದನ್ನು ಹಾಗೆಯೇ ಹೊಮ್ಮಿಸುವುದು ಕಷ್ಟ. ಸೆಕೆಂಡಿಗೆ 3,000 ಸಲ ಕಂಪಿಸುವ ರೇಡಿಯೊ ಅಲೆಯ ಉದ್ದ 100 ಕಿಲೋಮೀಟರ್. ಅದರ ಕಾಲು ಭಾಗ, ಅಂದರೆ 25 ಕಿಲೋಮೀಟರ್ ಎತ್ತರದ ಆಂಟೆನಾ ಬೇಕಾದೀತು! ಸೆಕೆಂಡಿಗೆ 10 ಲಕ್ಷ ಸಲ ಕಂಪಿಸುವ ಅಲೆಗಾದರೆ 75 ಮೀಟರ್ ಸಾಕು. ಅಂಥ ಅಲೆಯೇ ವಾಹಕ ತರಂಗ. ದನಿಯ ಏರಿಳಿತಕ್ಕೆ ತಕ್ಕಂತೆ ಇದರ ಎತ್ತರ ಹಿಗ್ಗುತ್ತದೆ, ಕುಗ್ಗುತ್ತದೆ. ಮಾಡ್ಯುಲೇಶನ್ನಿನ ಒಂದು ಬಗೆ ಇದು. ಗಾಡಿಗೆ ಮೂಟೆ ಹೇರಿದ ಹಾಗೆ ಎನ್ನಬಹುದು. ಆದರೆ ಇಲ್ಲಿ ಮೂಟೆಗೆ ತಕ್ಕಂತೆ ಗಾಡಿಯ ಆಕಾರವೇ ಬದಲಾಗುತ್ತದೆ.

ಮನೆಯ ರೇಡಿಯೊದ ತಿರುಗಣೆ ಹಲವು ಅಲೆಗಳಲ್ಲಿ ಒಂದನ್ನು ಆರಿಸುತ್ತದೆ. ಒಳಗಿನ ಡಿಟೆಕ್ಟರ್ ವಾಹಕವನ್ನು ಕಳಚಿ, ದನಿಯ ಏರಿಳಿತವನ್ನಷ್ಟೇ ಸ್ಪೀಕರಿನತ್ತ ಕಳಿಸುತ್ತದೆ.

ಗುಡುಗು ಮಳೆಯಲ್ಲಿ ರೇಡಿಯೊದಲ್ಲಿ ಕೇಳುವ ಚಟಪಟ ಸದ್ದು ಮಿಂಚಿನದು. ಅದೂ ಅಲೆಯ ಎತ್ತರವನ್ನು ಕದಡುತ್ತದೆ. ಎಫ್.ಎಂ.ನಲ್ಲಿ ದನಿ ಅಡಗಿರುವುದು ಎತ್ತರದಲ್ಲಲ್ಲ, ಆವರ್ತನದಲ್ಲಿ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬುದರಲ್ಲಿ. ಅದಕ್ಕೇ ಅಲ್ಲಿ ಹಾಡು ಅಷ್ಟು ತಿಳಿಯಾಗಿ ಕೇಳುತ್ತದೆ.